ಮಾತು ಬಿಟ್ಟ ದಿನಗಳು

ಶಾಲೆಯಿಂದ ಫೋನ್ ಬಂದಾಗ ನಾನು ಉಡುಪಿಯ ಬಸ್ ನಿಲ್ದಾಣದಲ್ಲಿ ಕಾಪು ಕಡೆಯ ಬಸ್ಸಿಗೆ ಕಾಯುತ್ತಿದ್ದೆ. ಆಗಸ್ಟ್ ತಿಂಗಳು. ಕೊಡೆಯ ಒಂದು ಕಡ್ಡಿ ಮುರಿದು ನೀರೆಲ್ಲ ಬಲಭುಜದ ಮೇಲೆ ಇಳಿಯುತ್ತಿತ್ತು. ಫೋನ್ ಮಾಡಿದ್ದು ಮಗಳ ಕ್ಲಾಸ್ ಟೀಚರ್. ನಾಳೆ ಬೆಳಿಗ್ಗೆ ಹತ್ತು ನಿಮಿಷ ಬಂದು ಹೋಗಲು ಆಗುತ್ತದೆಯೇ ಎಂದು ಕೇಳಿದರು. ಮಗುವಿಗೆ ಹುಷಾರಿಲ್ಲವೇ ಎಂದು ಕೇಳಿದೆ. ಹುಷಾರಾಗಿಯೇ ಇದ್ದಾಳೆ, ಬಂದಾಗ ಹೇಳುತ್ತೇನೆ ಎಂದರು. ಬಸ್ಸು ಬಂತು, ಹತ್ತಿದೆ, ಸೀಟೂ ಸಿಕ್ಕಿತು. ಹುಷಾರಾಗಿದ್ದಾಳೆ ಎಂಬ ಒಂದು ಮಾತೇ ನನಗೆ ಸಾಕಾಯಿತು, ಕಟಪಾಡಿ ಬರುವಷ್ಟರಲ್ಲಿ ನಿದ್ದೆ ಹೋಗಿದ್ದೆ.

ಆ ದಿನಗಳಲ್ಲಿ ನಾನು ಕುಳಿತಲ್ಲೆಲ್ಲ ನಿದ್ದೆ ಹೋಗುತ್ತಿದ್ದೆ. ಮಣಿಪಾಲದ ಒಂದು ಕಣ್ಣಿನ ಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲಿ ನನ್ನ ಕೆಲಸ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಮಾತು, ಬರೀ ಮಾತು. ಕನ್ನಡ, ತುಳು, ಕೊಂಕಣಿ, ಹಿಂದಿ, ಅಷ್ಟಿಷ್ಟು ಮಲಯಾಳಂ. ಕಣ್ಣಿಗೆ ಮದ್ದು ಬಿಟ್ಟಿದೆ, ಅರ್ಧ ಗಂಟೆ ಕಣ್ಣು ಮುಚ್ಚಿ ಕುಳಿತುಕೊಳ್ಳಿ. ಇವತ್ತು ಸ್ಕೂಟರ್ ಬಿಡಬೇಡಿ. ಹಳೆಯ ಚೀಟಿ ಎಲ್ಲಿ. ಇದನ್ನೇ ದಿನಕ್ಕೆ ನೂರು ಸಲ, ಪ್ರತಿ ಸಲವೂ ಮೊದಲ ಸಲ ಹೇಳುತ್ತಿರುವವಳ ಹಾಗೆ ನಗುತ್ತಾ ಹೇಳಬೇಕು. ಕಾಪುವಿನ ನಮ್ಮ ಮನೆಯ ಗೇಟು ತೆರೆಯುವಾಗ ನನ್ನ ಗಂಟಲಿನಲ್ಲಿ ಏನೂ ಉಳಿದಿರುತ್ತಿರಲಿಲ್ಲ. ಮನೆಯಲ್ಲಿ ಅತ್ತೆ, ಹತ್ತು ವರ್ಷದ ಮಗಳು ಮತ್ತು ನಾನು. ಗಂಡ ಮಸ್ಕತ್ತಿನಲ್ಲಿ, ವರ್ಷಕ್ಕೊಮ್ಮೆ ಒಂದು ತಿಂಗಳು ಬರುವವರು. ಉಳಿದ ಹನ್ನೊಂದು ತಿಂಗಳು ಸಂಜೆ ಏಳೂವರೆಗೆ ವಿಡಿಯೋ ಕಾಲ್‌ನಲ್ಲಿ ಇರುವವರು.

ಒಂದು ವಿಷಯದಲ್ಲಿ ಮಾತ್ರ ನನಗೆ ಜಂಬ ಇತ್ತು. ನಾನು ಮಗುವಿಗೆ ಒಂದು ಪೆಟ್ಟೂ ಕೊಟ್ಟವಳಲ್ಲ. ಕ್ಲಿನಿಕ್ಕಿನಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ಉಳಿದವರು ತಮ್ಮ ತಮ್ಮ ಮಕ್ಕಳಿಗೆ ಕೊಟ್ಟ ಪೆಟ್ಟಿನ ಕಥೆ ಹೇಳುವಾಗ ನಾನು ಸುಮ್ಮನೆ ಚಪಾತಿ ಮುರಿಯುತ್ತಿದ್ದೆ, ಯಾರಾದರೂ ಕೇಳಿದರೆ, ನಮ್ಮಲ್ಲಿ ಅದೆಲ್ಲ ಇಲ್ಲಪ್ಪ ಎನ್ನುತ್ತಿದ್ದೆ. ಬೈಯುತ್ತಲೂ ಇರಲಿಲ್ಲ. ಮಗಳು ತಪ್ಪು ಮಾಡಿದರೆ ನಾನು ಮಾತು ಬಿಡುತ್ತಿದ್ದೆ, ಅಷ್ಟೆ. ತಟ್ಟೆಗೆ ಅನ್ನ ಬಡಿಸುತ್ತಿದ್ದೆ, ತಲೆ ಬಾಚುತ್ತಿದ್ದೆ, ಯೂನಿಫಾರ್ಮಿಗೆ ಇಸ್ತ್ರಿ ಹಾಕುತ್ತಿದ್ದೆ, ಎಲ್ಲವನ್ನೂ ಬಾಯಿ ತೆರೆಯದೆ. ಒಂದು ದಿನ, ಕೆಲವೊಮ್ಮೆ ಎರಡು ದಿನ. ಪಕ್ಕದ ಮನೆಯ ಮಕ್ಕಳ ಜೊತೆ ನನಗೆ ಹೇಳದೆ ಕಡಲ ಕರೆಗೆ ಹೋಗಿ, ಹೋಗಲಿಲ್ಲ ಎಂದು ಸುಳ್ಳು ಹೇಳಿದಾಗ ಐದು ದಿನ. ಇದನ್ನು ನಾನು ತಾಳ್ಮೆ ಎಂದು ತಿಳಿದಿದ್ದೆ.

ಮರುದಿನ ಬೆಳಿಗ್ಗೆ ಶಾಲೆಗೆ ಹೋದೆ. ಟೀಚರ್ ನನಗಿಂತ ಹತ್ತು ವರ್ಷವಾದರೂ ಚಿಕ್ಕವರು. ಸ್ಟಾಫ್ ರೂಮಿನ ಹೊರಗಿನ ಬೆಂಚಿನಲ್ಲಿ ನನ್ನನ್ನು ಕೂರಿಸಿ, ತಾವೂ ಪಕ್ಕದಲ್ಲೇ ಕುಳಿತರು. ಮೇಜಿನ ಆಚೆ ಕೂರದೆ ಪಕ್ಕದಲ್ಲಿ ಕುಳಿತದ್ದು ನೋಡಿಯೇ ವಿಷಯ ಸಣ್ಣದಲ್ಲ ಎಂದು ನನಗೆ ತಿಳಿಯಬೇಕಿತ್ತು. ನನಗೆ ಬಸ್ಸಿನ ಚಿಂತೆ.

ಅವರು ಹೇಳಿದ್ದು ಇಷ್ಟು. ಐದನೇ ತರಗತಿಯಲ್ಲಿ ನಾಲ್ಕು ಹುಡುಗಿಯರು ಸೇರಿ ಒಂದು ಚಾರ್ಟ್ ಮಾಡುತ್ತಿದ್ದರು. ನಾಲ್ವರೂ ಒಂದೇ ವ್ಯಾನಿನಲ್ಲಿ ಬರುವವರು, ಹಿಂದಿನ ಸೀಟಿನಲ್ಲಿ ಒಟ್ಟಿಗೆ ಕೂರುವವರು. ಆ ನಾಲ್ವರಲ್ಲಿ ಒಬ್ಬಳು ಶಂಕರಪುರದ ಹುಡುಗಿ. ಎರಡನೇ ತರಗತಿಯಿಂದ ನನ್ನ ಮಗಳ ಅತಿ ಹತ್ತಿರದ ಗೆಳತಿ, ನಮ್ಮ ಮನೆಯಲ್ಲಿ ಎಷ್ಟೋ ಸಲ ಊಟ ಮಾಡಿದವಳು. ಚಾರ್ಟಿನ ಮೇಲೆ ನನ್ನ ಮಗಳು ಬಣ್ಣದ ನೀರು ಚೆಲ್ಲಿದಳು. ಟೀಚರ್ ಕೇಳಿದಾಗ ಇನ್ನೊಬ್ಬಳ ಕಡೆ ಬೆರಳು ತೋರಿಸಿದಳು. ಶಂಕರಪುರದ ಹುಡುಗಿ ಎದ್ದು ನಿಂತು, ಅಲ್ಲ ಟೀಚರ್, ಇವಳದ್ದೇ ಕೈ ತಾಗಿದ್ದು ಎಂದಳು. ಅಲ್ಲಿಗೆ ಮುಗಿಯಿತು ಎಂದು ಟೀಚರ್ ತಿಳಿದಿದ್ದರು. ಅದೇ ಸಂಜೆ ವ್ಯಾನಿನಲ್ಲಿ ನನ್ನ ಮಗಳು ಉಳಿದಿಬ್ಬರಿಗೆ ಅಪ್ಪಣೆ ಕೊಟ್ಟಳಂತೆ. ಇವಳ ಹತ್ತಿರ ಇನ್ನು ಯಾರೂ ಮಾತಾಡಬಾರದು.

"ಮಕ್ಕಳು ಜಗಳ ಮಾಡುವುದು ಉಂಟು ಮೇಡಂ," ಎಂದರು ಟೀಚರ್. "ಇದು ಜಗಳ ಅಲ್ಲ."

ಆ ಹುಡುಗಿ ಏನಾದರೂ ಹೇಳಿದರೆ ಈ ಮೂವರು ಸುತ್ತ ಮುತ್ತ ನೋಡುತ್ತಿದ್ದರಂತೆ. ಯಾರೋ ಮಾತಾಡಿದ ಹಾಗಾಯಿತು, ಅಲ್ವಾ ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಿದ್ದರಂತೆ. ಅವಳು ಪೆನ್ಸಿಲ್ ಕೇಳಿದರೆ ಅವಳು ಅಲ್ಲಿ ಇಲ್ಲವೇ ಇಲ್ಲ ಎಂಬ ಹಾಗೆ ಅವಳ ಹಿಂದಿನ ಕಿಟಕಿಯನ್ನು ನೋಡುತ್ತಿದ್ದರಂತೆ. ಇದು ಎಂಟು ದಿನದಿಂದ ನಡೆಯುತ್ತಿತ್ತು, ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದದ್ದು ನಿನ್ನೆ. ನೋಟ್ಸ್ ತೋರಿಸಲು ಬಂದವಳು ಮೇಜಿನ ಬಳಿಯೇ ನಿಂತಿದ್ದಳಂತೆ, ಹೋಗಲಿಲ್ಲ. ಎಂತ ಆಯಿತು ಎಂದು ಟೀಚರ್ ಕೇಳಿದ್ದಕ್ಕೆ ಮೆಲ್ಲಗೆ ಕೇಳಿದಳಂತೆ:

"ಟೀಚರ್, ನಾನು ಮಾತಾಡುವುದು ನಿಮಗೆ ಕೇಳಿಸ್ತದಾ?"

ಆಗ ನಾನು ಹೇಳಬಹುದಾದ ಮಾತುಗಳು ಎಷ್ಟೋ ಇದ್ದವು. ನಾನು ಹೇಳಿದ್ದು, ನನ್ನ ಮಗಳು ಯಾರಿಗೂ ಕೈ ಮಾಡುವವಳಲ್ಲ ಎಂದು. ಕೈ ಮಾಡಲಿಲ್ಲ ಮೇಡಂ ಎಂದರು ಅವರು. ಅದರಲ್ಲಿ ಕೊಂಕು ಇರಲಿಲ್ಲ.

ಮಣಿಪಾಲದವರೆಗೂ ನಾನು ಮಗಳ ಪರವಾಗಿ ವಾದ ಮಾಡಿದೆ, ಮನಸ್ಸಿನೊಳಗೇ. ಆ ಹುಡುಗಿ ಮೊದಲಿನಿಂದಲೂ ಸ್ವಲ್ಪ ಮುಟ್ಟಿದರೆ ಮುನಿ. ಈ ಟೀಚರಿಗೆ ಅನುಭವ ಕಡಿಮೆ. ಉಳಿದ ಇಬ್ಬರ ತಾಯಂದಿರನ್ನು ಯಾಕೆ ಕರೆಯಲಿಲ್ಲ. ಮಗಳನ್ನು ಶಾಲೆಗೆ ಸೇರಿಸಿದ ದಿನದಿಂದ ಯಾರಾದರೂ ಅವಳನ್ನು ನೋಯಿಸಿಯಾರು ಎಂದು ನಾನು ಹೆದರಿ ತಯಾರಾಗಿದ್ದೆ. ಯಾರೊಡನೆ ಏನು ಮಾತಾಡಬೇಕು, ಯಾರಿಗೆ ಫೋನ್ ಮಾಡಬೇಕು, ಎಲ್ಲ ಗೊತ್ತಿತ್ತು. ನೋಯಿಸುವವಳು ಅವಳೇ ಆಗಬಹುದು ಎಂಬುದಕ್ಕೆ ತಯಾರಾಗಿರಲಿಲ್ಲ. ಆ ದಿನ ಕೌಂಟರಿನಲ್ಲಿ ಒಬ್ಬ ಅಜ್ಜಿ ಮೂರು ಸಲ ಅದೇ ಪ್ರಶ್ನೆ ಕೇಳಿದಾಗ ಮೂರನೆಯ ಸಲ ನಾನು ಉತ್ತರ ಕೊಡಲಿಲ್ಲ. ಅವರು ಪಾಪ, ನನಗೆ ಕೇಳಿಸಲಿಲ್ಲವೆಂದುಕೊಂಡು ಇನ್ನೂ ಗಟ್ಟಿಯಾಗಿ ಕೇಳಿದರು.

ಸಂಜೆ ಮನೆಗೆ ಬಂದಾಗ ಮಗಳು ಅಡುಗೆಮನೆಯ ಮೇಜಿನ ಬಳಿ ಕುಳಿತು ಅವಲಕ್ಕಿ ತಿನ್ನುತ್ತಿದ್ದಳು. ಟೀಚರ್ ಕರೆದದ್ದು, ಹೇಳಿದ್ದು ಎಲ್ಲವನ್ನೂ ಹೇಳಿ, ಹೌದಾ ಎಂದು ಕೇಳಿದೆ. ಅವಳಿಗೆ ಗಾಬರಿಯೂ ಆಗಲಿಲ್ಲ. ನಾನು ಅವಳಿಗೆ ಎಂತ ಮಾಡಿದ್ದು, ಹೊಡೆದಿದ್ದೇನಾ, ಬೈದಿದ್ದೇನಾ, ಸುಮ್ಮನೆ ಮಾತಾಡಲಿಲ್ಲ ಅಷ್ಟೆ ಎಂದು ಅವಲಕ್ಕಿಯಿಂದ ಕರಿಬೇವು ಹೆಕ್ಕಿ ಬದಿಗಿಟ್ಟಳು.

ನನಗೆ ಬಂದ ಸಿಟ್ಟು ಎಂಥದ್ದೆಂದು ಈಗಲೂ ಸರಿಯಾಗಿ ಹೇಳಲಾರೆ. ಏನು ಮಾಡಬೇಕೆಂದು ನಾನು ಯೋಚಿಸಲಿಲ್ಲ, ನಿರ್ಧಾರವನ್ನೂ ಮಾಡಲಿಲ್ಲ. ಬಾಯಿ ತನ್ನಷ್ಟಕ್ಕೆ ಮುಚ್ಚಿಕೊಂಡಿತು. ಚೀಲದಿಂದ ಟಿಫಿನ್ ಡಬ್ಬಿ ತೆಗೆದು ತೊಳೆಯಲು ಹೋದೆ. ಅವತ್ತು ಮತ್ತೆ ಅವಳೊಡನೆ ಮಾತಾಡಲಿಲ್ಲ. ಮರುದಿನವೂ ಇಲ್ಲ.

ಅತ್ತೆಗೆ ಇದೆಲ್ಲ ರೂಢಿ. ನಾನು ಮಾತು ಬಿಟ್ಟ ದಿನಗಳಲ್ಲಿ ಅವರು ಮೊಮ್ಮಗಳ ತಟ್ಟೆಗೆ ಒಂದು ತುಂಡು ಬಂಗುಡೆ ಮೀನು ಹೆಚ್ಚು ಹಾಕಿ, ಅಮ್ಮನಿಗೆ ತಲೆನೋವು ಎಂದು ಹೇಳಿ ಸುಧಾರಿಸುತ್ತಿದ್ದರು. ತಪ್ಪು ಯಾರದ್ದೆಂದು ಅವರು ಎಂದೂ ಕೇಳಿದವರಲ್ಲ, ಮಗು ಉಂಡಿತೇ ಎಂಬುದಷ್ಟೇ ಅವರಿಗೆ ಬೇಕು. ಗಂಡನಿಗೆ ವಿಡಿಯೋ ಕಾಲ್‌ನಲ್ಲಿ ವಿಷಯ ತಿಳಿಸಿದೆ. ಅವರು ನಕ್ಕರು. ಮಕ್ಕಳು ಇವತ್ತು ಟೂ ಬಿಡುತ್ತಾರೆ, ನಾಳೆ ಒಂದೇ ಐಸ್‌ಕ್ಯಾಂಡಿ ಹಂಚಿ ತಿನ್ನುತ್ತಾರೆ, ನೀನು ದೊಡ್ಡದು ಮಾಡಬೇಡ ಮಾರಾಯ್ತಿ ಎಂದರು. ಆಮೇಲೆ ಮಗಳಿಗೆ ಫೋನ್ ಕೊಡಲು ಹೇಳಿ, ಬರುವಾಗ ಏನು ತರಬೇಕೆಂದು ಕೇಳಿದರು. ಮಗಳು ಕೈಗಡಿಯಾರ ಎಂದಳು. ನಾನು ಬಾಗಿಲ ಬಳಿ ನಿಂತು ಕೇಳುತ್ತಿದ್ದೆ. ದೂರದಿಂದ ಒಳ್ಳೆಯವರಾಗುವುದು ಎಷ್ಟು ಸುಲಭ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಬೇಜಾರೂ ಆಯಿತು, ಯಾಕೆಂದರೆ ಅಲ್ಲಿ ಎಂಟು ಜನರ ಜೊತೆ ಒಂದು ಕೋಣೆಯಲ್ಲಿ ಇರುವುದು ಸುಲಭವಲ್ಲ ಎಂದು ನನಗೆ ಗೊತ್ತು.

ಮೂರನೆಯ ಸಂಜೆ ನಾನು ಮಂಚದ ಮೇಲೆ ಬಟ್ಟೆ ಮಡಿಸುತ್ತಿದ್ದೆ. ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲ, ಅರ್ಧ ಒದ್ದೆಯನ್ನೇ ಮಡಿಸಿ ಮತ್ತೆ ಬಿಡಿಸಿ ಹರವಬೇಕು. ಮಗಳು ಹೊಸ್ತಿಲಲ್ಲಿ ಬಂದು ನಿಂತಳು. ನಮ್ಮ ಮನೆಯ ಮಾತು ತುಳು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಅಮ್ಮ, ಎಷ್ಟು ದಿನ ಅಂತ ಹೇಳು," ಎಂದಳು.

"ಎಂತದು ಎಷ್ಟು ದಿನ?" ಮೂರು ದಿನದಲ್ಲಿ ನಾನು ಅವಳೊಡನೆ ಆಡಿದ ಮೊದಲ ಮಾತು ಅದು.

"ಮಾತಾಡದೆ ಇರುವುದು. ನಾನು ಅವಳಿಗೆ ಮೊದಲೇ ಹೇಳಿದ್ದೆ, ಹತ್ತು ದಿನ ಅಂತ. ಹತ್ತು ದಿನ ಆದ ಕೂಡಲೇ ಮಾತಾಡ್ತಿದ್ದೆ. ನೀನು ಹೇಳುವುದೇ ಇಲ್ಲ. ಯಾವಾಗ ಮುಗಿಯುವುದು ಅಂತ ನನಗೆ ಗೊತ್ತೇ ಆಗುವುದಿಲ್ಲ."

ಅವಳು ನನ್ನನ್ನು ಚುಚ್ಚಲು ಹೇಳಿದ್ದಲ್ಲ. ಹಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಶಿಕ್ಷೆ ಎಂದರೆ ಇದು ಎಂದು ಅವಳು ನನ್ನಿಂದ ಕಲಿತಿದ್ದಳು, ಮತ್ತು ನಾನು ಮಾಡುವುದರಲ್ಲಿ ಇದ್ದ ಒಂದು ಕೊರತೆಯನ್ನು ತಾನೇ ಕಂಡುಹಿಡಿದು ಸರಿಪಡಿಸಿದ್ದಳು. ಗೆಳತಿಗೆ ದಿನ ಗೊತ್ತು ಮಾಡಿ ಕೊಟ್ಟಿದ್ದಳು. ತಾನು ಅಮ್ಮನಿಗಿಂತ ಒಳ್ಳೆಯವಳು ಎಂದೇ ಅವಳು ಅಂದುಕೊಂಡಿದ್ದಿರಬೇಕು.

ಅವಳನ್ನು ಬಾಚಿ ತಬ್ಬಿಕೊಂಡೆ ಎಂದು ಬರೆಯುವ ಆಸೆ ಇದೆ. ಹಾಗೆ ಆಗಲಿಲ್ಲ. ಕೈಯಲ್ಲಿದ್ದ ಯೂನಿಫಾರ್ಮಿನ ಸ್ಕರ್ಟನ್ನು ಮಡಿಸಿದೆ. ಇನ್ನೊಂದು ಬಟ್ಟೆಯನ್ನೂ ಮಡಿಸಿದೆ. ಆಮೇಲೆ, "ಇವತ್ತಿಗೆ ಮುಗಿಯಿತು," ಎಂದೆ. ಅವಳು, ಹಾಂ ಸರಿ ಎಂದು ಒಳಗೆ ಬಂದು ಮಂಚದ ತುದಿಯಲ್ಲಿ ಕುಳಿತು ಕಾಲುಚೀಲಗಳನ್ನು ಜೋಡಿ ಮಾಡತೊಡಗಿದಳು. ಸ್ವಲ್ಪ ಹೊತ್ತಿನ ಮೇಲೆ ನಾನು ಕೇಳಿದೆ, ನಾನು ಮಾತು ಬಿಟ್ಟಾಗ ನಿನಗೆ ಹೇಗಾಗುತ್ತದೆ ಎಂದು. ಅವಳು ಯೋಚಿಸಿ, ಹೊಟ್ಟೆ ನೋಯ್ತದೆ ಎಂದಳು. ಆ ಹುಡುಗಿಗೂ ಹಾಗೇ ಆಗಿರಬಹುದು ಎಂದೆ. ಒಂದು ಕಾಲುಚೀಲಕ್ಕೆ ಜೋಡಿ ಸಿಗಲಿಲ್ಲ, ಅದನ್ನು ಹುಡುಕುವ ನೆಪದಲ್ಲಿ ಎದ್ದು ಹೋದಳು.

ಭಾನುವಾರ ಅವಳನ್ನು ಕರೆದುಕೊಂಡು ಶಂಕರಪುರಕ್ಕೆ ಹೋದೆ. ಹೋಗುವುದು ಸರಿಯೋ ತಪ್ಪೋ ಎಂದು ಟೀಚರನ್ನೂ ಕೇಳಲಿಲ್ಲ. ತಪ್ಪು ಮಾಡಿದರೆ ಹೋಗಿ ಕ್ಷಮೆ ಕೇಳಬೇಕು, ಅಷ್ಟೇ ನನಗೆ ಗೊತ್ತಿದ್ದದ್ದು. ದಾರಿಯಲ್ಲಿ ಮಗಳಿಗೆ ಏನು ಹೇಳಬೇಕೆಂದು ಹೇಳಿಕೊಟ್ಟೆ. ಅವಳು ಕಂಠಪಾಠ ಮಾಡಿಕೊಂಡಳು.

ನಾವು ಹೋದದ್ದು ತಪ್ಪು ಹೊತ್ತಿಗೆ. ಆ ಮನೆಯಲ್ಲಿ ಮಲ್ಲಿಗೆ ಕಟ್ಟುತ್ತಿದ್ದರು. ಹುಡುಗಿಯ ತಾಯಿ ಚಾವಡಿಯಲ್ಲಿ ಕಾಲು ಚಾಚಿ ಕುಳಿತಿದ್ದರು, ಮುಂದೆ ಒದ್ದೆ ಬಟ್ಟೆಯ ಮೇಲೆ ಮೊಗ್ಗಿನ ರಾಶಿ, ಮಡಿಲಲ್ಲಿ ಬಾಳೆನಾರು. ಹೂ ಒಯ್ಯುವವರು ಇನ್ನು ಅರ್ಧ ಗಂಟೆಯಲ್ಲಿ ಬರುತ್ತಾರೆ, ಕೈ ನಿಲ್ಲಿಸಲಿಕ್ಕೆ ಇಲ್ಲ, ಕೂತುಕೊಳ್ಳಿ ಅಕ್ಕ ಎಂದರು. ಹುಡುಗಿ ತಾಯಿಯ ಪಕ್ಕದಲ್ಲಿ ಕುಳಿತು ಮೊಗ್ಗುಗಳನ್ನು ನಾಲ್ಕು ನಾಲ್ಕಾಗಿ ಜೋಡಿಸಿ ಕೊಡುತ್ತಿದ್ದಳು. ನಮ್ಮನ್ನು ನೋಡಿ ಅವಳ ಬೆರಳು ಒಂದು ಕ್ಷಣ ನಿಂತಿತು, ಮತ್ತೆ ನಡೆಯಿತು.

ನಾನು ಮಗಳ ಬೆನ್ನನ್ನು ಮೆಲ್ಲಗೆ ದೂಡಿದೆ. ಅವಳು ಕಂಠಪಾಠ ಮಾಡಿದ್ದನ್ನು ಒಂದೇ ಉಸಿರಿನಲ್ಲಿ ಹೇಳಿದಳು. ನಾನು ಮಾಡಿದ್ದು ತಪ್ಪು, ಸಾರಿ, ಇನ್ನು ಹಾಗೆ ಮಾಡುವುದಿಲ್ಲ, ನಾವು ಮೊದಲಿನ ಹಾಗೆ ಫ್ರೆಂಡ್ಸ್ ಆಗುವ. ಹೇಳಿ ಮುಗಿಸಿದವಳು ತಿರುಗಿ ನನ್ನ ಮುಖ ನೋಡಿದಳು.

ಆ ತಾಯಿ ಅದನ್ನು ಗಮನಿಸಿದರು. ನಾರಿನ ಗಂಟು ಬಿಗಿಯುತ್ತಾ, ತಲೆ ಎತ್ತದೆ ಹೇಳಿದರು:

"ಅಕ್ಕ, ಬೇಜಾರು ಮಾಡಬೇಡಿ. ಅವಳು ಸಾರಿ ಹೇಳಿದ್ದು ನಿಮಗೆ. ನನ್ನ ಮಗಳಿಗೆ ಅಲ್ಲ."

ಹೌದು ಎಂದೆ. ಅವರು ಹುಡುಗಿಯರಿಬ್ಬರಿಗೂ ಹಿತ್ತಲಲ್ಲಿ ಬೆಕ್ಕು ಮರಿ ಹಾಕಿದೆ, ನೋಡಿ ಬನ್ನಿ ಎಂದರು. ಇಬ್ಬರೂ ಎದ್ದು ಹೋದರು, ಒಬ್ಬಳು ಮುಂದೆ, ಒಬ್ಬಳು ನಾಲ್ಕು ಹೆಜ್ಜೆ ಹಿಂದೆ. ಮಕ್ಕಳು ಆಚೆ ಹೋದ ಮೇಲೆ ಅವರು ನನ್ನ ಮೇಲೆ ಏರಿ ಬಂದಾರು ಎಂದು ನಾನು ಕಾದೆ. ಅವರು ಬೇರೆಯೇ ಹೇಳಿದರು. ಆ ವಾರ ಮಗಳು ಶಾಲೆಗೆ ಹೋಗುವುದಿಲ್ಲ ಎಂದು ಹಟ ಹಿಡಿದಿದ್ದಳಂತೆ, ಕಾರಣ ಹೇಳುತ್ತಿರಲಿಲ್ಲವಂತೆ. ಬೆಳಿಗ್ಗೆ ಹೂ ಕೊಯ್ಯುವ ಗಡಿಬಿಡಿ, ವ್ಯಾನು ಬರುವ ಹೊತ್ತು.

"ನಾನು ಎರಡು ಪೆಟ್ಟು ಕೊಟ್ಟೆ ಅಕ್ಕ. ಅಳುತ್ತಾ ಹೋದಳು. ಆಮೇಲೆ ಗೊತ್ತಾದದ್ದು. ಈಗ ಎಂತ ಮಾಡುವುದು? ಕೊಟ್ಟ ಪೆಟ್ಟು ವಾಪಸು ತೆಗೆಯಲಿಕ್ಕೆ ಆಗ್ತದಾ?"

ಈಗ ಅವಳು ಮನೆಯಲ್ಲಿ ಪ್ರತಿ ಮಾತನ್ನೂ ಎರಡು ಸಲ ಹೇಳುತ್ತಾಳೆ, ಕೇಳಿತಾ ಅಮ್ಮ, ಕೇಳಿತಾ ಎಂದು ಕೇಳುತ್ತಲೇ ಇರುತ್ತಾಳೆ ಎಂದರು. ಹೊರಗೆ ಮೋಟಾರ್ ಸೈಕಲಿನ ಸದ್ದಾಯಿತು. ಅವರು ಕಟ್ಟಿದ ಹೂವಿನ ಚೆಂಡುಗಳನ್ನು ಬಾಳೆಎಲೆಯಲ್ಲಿ ಸುತ್ತಿ ಎದ್ದರು. ನಾವು ಹೊರಡುವಾಗ ನನ್ನ ಮಗಳ ತಲೆಗೆ ಒಂದು ತುಂಡು ಮಲ್ಲಿಗೆ ಮುಡಿಸಿದರು. ನನಗೆ ಅವರು ಬೈದಿದ್ದರೆ ಒಳ್ಳೆಯದಿತ್ತು ಅನ್ನಿಸಿತು.

ಬಸ್ಸಿನಲ್ಲಿ ಮಗಳನ್ನು ಕೇಳಿದೆ, ಹಿತ್ತಲಲ್ಲಿ ಏನು ಮಾತಾಡಿದಿರಿ ಎಂದು. ಮರಿಗಳು ಮೂರಿದ್ದವು, ಒಂದು ಇನ್ನೂ ಕಣ್ಣು ಬಿಟ್ಟಿರಲಿಲ್ಲ ಎಂದಳು. ಮಾತಾಡಿದಿರಾ ಎಂದು ಮತ್ತೆ ಕೇಳಿದೆ. "ಅವಳು ಮಾತಾಡಲಿಲ್ಲ, ನಾನು ಮಾತಾಡಿದೆ," ಎಂದಳು.

ಕೆಲವು ದಿನಗಳಲ್ಲಿ ಎಲ್ಲ ಸರಿಹೋದೀತು ಎಂದು ನಾನು ಅಂದುಕೊಂಡಿದ್ದೆ. ಗಂಡ ಹೇಳಿದ ಐಸ್‌ಕ್ಯಾಂಡಿಯ ಮಾತು ನಿಜವಾಗಲಿ ಎಂದು ಆಸೆಪಟ್ಟಿದ್ದೆ. ಆಗಲಿಲ್ಲ. ಶಂಕರಪುರದ ಹುಡುಗಿ ವ್ಯಾನು ಬಿಟ್ಟು ಚಿಕ್ಕಪ್ಪನ ಮಗಳ ಜೊತೆ ಬಸ್ಸಿನಲ್ಲಿ ಬರತೊಡಗಿದಳು. ತರಗತಿಯಲ್ಲಿ ಬೇರೆ ಸಾಲಿಗೆ ಹೋದಳು, ಅಲ್ಲಿ ಅವಳಿಗೆ ಬೇರೆ ಗೆಳತಿಯರಾದರು. ಉಳಿದಿಬ್ಬರ ಮನೆಯಲ್ಲೂ ವಿಷಯ ಗೊತ್ತಾಯಿತು. ಆ ತಾಯಂದಿರು ನನ್ನೊಡನೆ ಏನೂ ಹೇಳಲಿಲ್ಲ, ವಾಟ್ಸಾಪ್ ಗುಂಪಿನಲ್ಲಿ ಎಂದಿನ ಹಾಗೆ ಹೋಮ್‌ವರ್ಕ್ ಕೇಳುತ್ತಿದ್ದರು. ಆದರೆ ತಮ್ಮ ಮಕ್ಕಳಿಗೆ ನನ್ನ ಮಗಳಿಂದ ದೂರ ಇರಲು ಹೇಳಿದ್ದರು. ಸೆಪ್ಟೆಂಬರಿನಲ್ಲಿ ವ್ಯಾನಿನ ಹಿಂದಿನ ಸೀಟಿನಲ್ಲಿ ಅವಳು ಒಬ್ಬಳೇ. ಟಿಫಿನ್ ಡಬ್ಬಿ ಹೋದ ಹಾಗೆಯೇ ವಾಪಸು ಬರತೊಡಗಿತು.

ಆಗ ನನಗೆ ಆದ ಸಂಕಟ ಎರಡು ಬಗೆಯದ್ದಾಗಿತ್ತು. ಅವಳಿಗೆ ಇದು ಬೇಕಿತ್ತು ಎಂದು ಒಳಗೆಲ್ಲೋ ಒಬ್ಬಳು ಹೇಳುತ್ತಿದ್ದಳು. ಇನ್ನೊಬ್ಬಳು ಆ ಇಬ್ಬರು ತಾಯಂದಿರ ಬಾಗಿಲಿಗೆ ಹೋಗಿ ಕೈಮುಗಿಯಲು ತಯಾರಿದ್ದಳು. ಇಬ್ಬರಲ್ಲಿ ಯಾರ ಮಾತನ್ನೂ ಕೇಳಲು ನನ್ನಲ್ಲಿ ಶಕ್ತಿ ಇರಲಿಲ್ಲ ಎಂಬುದೇ ನಿಜ. ಟೀಚರಿಗೆ ಮಾತ್ರ ಒಂದು ದಿನ ಫೋನ್ ಮಾಡಿದೆ. ನೋಡುತ್ತಿದ್ದೇನೆ ಮೇಡಂ, ಸ್ವಲ್ಪ ಸಮಯ ಕೊಡುವ, ನೀವು ಮನೆಯಲ್ಲಿ ಅವಳ ಹತ್ತಿರ ಮಾತಾಡ್ತಾ ಇರಿ, ಅಷ್ಟು ಸಾಕು ಎಂದರು. ಅಷ್ಟು ಸಾಕು ಎಂದದ್ದು ಕೇಳಿ ನಗು ಬಂತು. ನನಗೆ ಎಲ್ಲಕ್ಕಿಂತ ಕಷ್ಟದ್ದು ಅದೇ.

ಕಷ್ಟಪಟ್ಟೆ. ಸಂಜೆ ಚೀಲ ಇಟ್ಟು ಮುಖ ತೊಳೆದು ಅವಳ ಪಕ್ಕ ಕುಳಿತು, ಇವತ್ತು ಎಂತ ಆಯಿತು ಎಂದು ಕೇಳುತ್ತಿದ್ದೆ. ಅವಳು ಎಂತದೂ ಇಲ್ಲ ಎನ್ನುತ್ತಿದ್ದಳು. ಒಂದು ದಿನ ನಾನೇ ನನ್ನ ದಿನದ ಬಗ್ಗೆ ಹೇಳಿದೆ. ಕಣ್ಣಿಗೆ ಮದ್ದು ಬಿಟ್ಟ ಒಬ್ಬ ಮುದುಕರು ದೃಷ್ಟಿ ಮಂಜಾಗಿ, ಬೇರೆ ಯಾರದ್ದೋ ಹೆಂಡತಿಯ ಪಕ್ಕ ಕುಳಿತು ಅರ್ಧ ಗಂಟೆ ಮನೆಯ ವಿಷಯ ಮಾತಾಡಿದ್ದರು, ಆ ಹೆಂಗಸೂ ಹೂಂ ಹೂಂ ಎಂದಿದ್ದರು. ಮಗಳು ನಕ್ಕಳು. ಅತ್ತೆಯೂ ಅಡುಗೆಮನೆಯಿಂದಲೇ ನಕ್ಕರು.

ದಸರಾ ರಜೆಯಲ್ಲಿ ಮಗಳನ್ನು ಕರೆದುಕೊಂಡು ಕಾರ್ಕಳಕ್ಕೆ ಹೋದೆ. ಅಲ್ಲಿ ನನ್ನ ತಮ್ಮನ ಮನೆ, ಅಮ್ಮ ಅವರ ಜೊತೆ ಇರುವುದು. ಪಡುಬಿದ್ರಿಯಲ್ಲಿ ಬಸ್ಸು ಬದಲಿಸಿದೆವು. ನಿಟ್ಟೆಯಲ್ಲಿ ಕಾಲೇಜಿನ ಹುಡುಗ ಹುಡುಗಿಯರು ಹತ್ತಿ ಬಸ್ಸು ತುಂಬಿತು. ಅವರೆಲ್ಲ ಒಟ್ಟಿಗೆ ಮಾತಾಡುವುದನ್ನು ಮಗಳು ಬಾಯಿ ತೆರೆದು ನೋಡುತ್ತಿದ್ದಳು.

ಮಾತು ಬಿಡುವುದನ್ನು ನಾನು ಕಲಿತದ್ದು ಅಮ್ಮನಿಂದ. ನಾನು ಸಣ್ಣವಳಿರುವಾಗ ಅಪ್ಪ ಮುಂಬಯಿಯ ಹೋಟೆಲಿನಲ್ಲಿ ಕೆಲಸಕ್ಕಿದ್ದರು. ಅಮ್ಮ ಬೀಡಿ ಕಟ್ಟುತ್ತಿದ್ದರು. ನನಗೆ ಏಳೋ ಎಂಟೋ ವರ್ಷ ಇರುವಾಗ ನೆನೆಸಿಟ್ಟ ಬೀಡಿ ಎಲೆಯ ಮೇಲೆ ನಾನು ಸೀಮೆಎಣ್ಣೆ ಚೆಲ್ಲಿದ್ದೆ. ಅಮ್ಮ ನಾಲ್ಕು ದಿನ ನನ್ನೊಡನೆ ಮಾತಾಡಲಿಲ್ಲ. ಮೊರವನ್ನು ಮಡಿಲಲ್ಲಿಟ್ಟು, ತಲೆ ತಗ್ಗಿಸಿ ಎಲೆ ಸುತ್ತುತ್ತಲೇ ಇದ್ದರು. ನಾನು ಎದುರು ಕುಳಿತು ಅವರ ಬಾಯಿಯನ್ನೇ ನೋಡುತ್ತಿದ್ದೆ. ಮೂವತ್ತು ವರ್ಷವಾದರೂ ಆ ನಾಲ್ಕು ದಿನಗಳು ನನಗೆ ನಿನ್ನೆಯಂತೆ ನೆನಪಿವೆ.

ಅವತ್ತು ಮಧ್ಯಾಹ್ನ ಅಮ್ಮ ಮತ್ತು ನಾನು ಜಗಲಿಯಲ್ಲಿ ಹಲಸಿನ ಬೀಜದ ಸಿಪ್ಪೆ ಸುಲಿಯುತ್ತಿದ್ದಾಗ ಇದನ್ನು ಕೇಳಿಯೇಬಿಟ್ಟೆ. ಸೀಮೆಎಣ್ಣೆ ಚೆಲ್ಲಿದ್ದಕ್ಕೆ ನಾಲ್ಕು ದಿನ ಯಾಕಮ್ಮ ಮಾತು ಬಿಟ್ಟಿದ್ದು, ಎರಡು ಪೆಟ್ಟು ಕೊಟ್ಟು ಮುಗಿಸಬಹುದಿತ್ತಲ್ಲ ಎಂದೆ. ಅಮ್ಮ ಕೈ ನಿಲ್ಲಿಸಿ ನನ್ನನ್ನು ನೋಡಿದರು. ಅವರಿಗೆ ಸೀಮೆಎಣ್ಣೆಯ ವಿಷಯವೇ ನೆನಪಿರಲಿಲ್ಲ.

"ನಾನು ಮಾತು ಬಿಟ್ಟದ್ದಾ?" ಎಂದರು. "ನಿನ್ನ ಮೇಲೆ ನನಗೆ ಎಂತ ಸಿಟ್ಟು? ಸುಸ್ತಾಗ್ತಿತ್ತು ಮಗಾ. ಅಷ್ಟೇ ಇದ್ದಿರಬೇಕು. ಬಾಯಿ ತೆರೆಯಲಿಕ್ಕೆ ಆಗ್ತಿರಲಿಲ್ಲ."

ನಾನು ನಂಬಲಿಲ್ಲ. ಇಲ್ಲ ಅಮ್ಮ, ಸಿಟ್ಟಿತ್ತು, ನನಗೆ ಗೊತ್ತು ಎಂದೆ. ಇದ್ದರೂ ಇರಬಹುದು, ಯಾರಿಗೆ ನೆನಪುಂಟು ಎಂದು ಅವರು ಮತ್ತೆ ಬೀಜ ಎತ್ತಿಕೊಂಡರು. ಅದನ್ನು ಸುಲಿಯುತ್ತಾ, ಆಗ ನೀನು ಹೆದರಿದ್ದೆಯಾ ಎಂದು ಕೇಳಿದರು. ಹೌದು ಎಂದೆ. ಛೆ ಎಂದರು. ಅಷ್ಟೆ. ಅವರ ಕಣ್ಣಲ್ಲಿ ನೀರಿತ್ತೋ, ವಯಸ್ಸಿಗೆ ಕಣ್ಣೇ ಒದ್ದೆಯಿತ್ತೋ, ಕಣ್ಣಿನ ಕ್ಲಿನಿಕ್ಕಿನಲ್ಲಿ ಇಷ್ಟು ವರ್ಷ ಇದ್ದೂ ನನಗೆ ಹೇಳಲಾಗಲಿಲ್ಲ.

ರಾತ್ರಿ ಊಟದ ಹೊತ್ತಿಗೆ ಅಮ್ಮ ನನ್ನ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಾಯಿ ನೋಯುವಷ್ಟು ಮಾತಾಡಿದರು. ನಾನು ಕಂಡು ಕೇಳದಷ್ಟು ಮಾತು. ಅಜ್ಜಿಯಾದ ಮೇಲೆ ಅವರಿಗೆ ಸುಸ್ತು ಇಳಿದಿತ್ತೇನೋ. ನನ್ನ ಸರದಿಯಲ್ಲಿ ಅದು ಸಿಗಲಿಲ್ಲವಲ್ಲ ಎಂದು ಈ ವಯಸ್ಸಿನಲ್ಲೂ ನನಗೆ ಸಣ್ಣ ಹೊಟ್ಟೆಕಿಚ್ಚಾಯಿತು.

ರಜೆ ಮುಗಿದ ಮೇಲೆ ಮಗಳ ತರಗತಿಗೆ ಹೊಸ ಹುಡುಗಿಯೊಬ್ಬಳು ಬಂದಳು. ಹೆಜಮಾಡಿಯವರು, ತಂದೆ ಮಲ್ಪೆಯಲ್ಲಿ ಬೋಟಿನ ಕೆಲಸಕ್ಕೆ ಸೇರಿದ್ದರಿಂದ ಕಾಪುವಿನಲ್ಲಿ ಬಾಡಿಗೆ ಮನೆ ಹಿಡಿದಿದ್ದರು. ಟೀಚರ್ ಅವಳನ್ನು ನನ್ನ ಮಗಳ ಪಕ್ಕ ಕೂರಿಸಿದರು. ಆ ಹುಡುಗಿ ಬಾಯಿ ಮುಚ್ಚುವವಳೇ ಅಲ್ಲವಂತೆ. ನನ್ನ ಮಗಳು ಉತ್ತರ ಕೊಟ್ಟರೂ ಕೊಡದಿದ್ದರೂ ಅವಳಿಗೆ ಒಂದೇ. ಬಲೆ ಹೇಗೆ ಬಿಡುತ್ತಾರೆ, ಯಾವ ಮೀನಿನ ಮುಳ್ಳು ತಾಗಿದರೆ ಕೈ ಬಾತುಕೊಳ್ಳುತ್ತದೆ, ಅಪ್ಪ ಎಷ್ಟು ದಿನ ನೀರಿನ ಮೇಲೆ ಇರುತ್ತಾರೆ, ಎಲ್ಲವನ್ನೂ ಹೇಳಿದ್ದಾಳೆ. ಮೊದಮೊದಲು ಮಗಳು ಅವಳ ಬಗ್ಗೆ ದೂರು ಹೇಳುತ್ತಿದ್ದಳು, ಕಿವಿ ತೂತು ಮಾಡ್ತಾಳೆ ಅಮ್ಮ ಎಂದು. ಆಮೇಲೆ ದೂರು ನಿಂತಿತು. ನವೆಂಬರಿನ ಒಂದು ದಿನ ಡಬ್ಬಿ ಖಾಲಿ ಬಂತು, ಒಳಗೆ ನಮ್ಮ ಮನೆಯದ್ದಲ್ಲದ ಒಣ ಸಿಗಡಿ ಚಟ್ನಿಯ ವಾಸನೆ. ಅತ್ತೆ ಡಬ್ಬಿ ಮೂಸಿ ನೋಡಿ ತೊಳೆದಿಟ್ಟರು.

ಶಂಕರಪುರದ ಹುಡುಗಿ ಮತ್ತು ಇವಳು ಮತ್ತೆ ಗೆಳತಿಯರಾಗಲಿಲ್ಲ. ಈಗ ಆರನೇ ತರಗತಿಯಲ್ಲಿ ಇಬ್ಬರೂ ಬೇರೆ ಬೇರೆ ಸೆಕ್ಷನ್. ಕಂಡರೆ ಮಾತಾಡುತ್ತಾರಂತೆ. ಏನು ಮಾತಾಡುತ್ತೀರಿ ಎಂದರೆ, ಹೋಮ್‌ವರ್ಕ್ ಉಂಟಾ ಅಂತ ಎನ್ನುತ್ತಾಳೆ. ಕಳೆದ ವರ್ಷದ ಕೊನೆಗೆ ಒಂದು ಸಲ, ಕೇಳದೆಯೇ ನನ್ನೊಡನೆ ಹೇಳಿದಳು, ಅವಳು ಹತ್ತಿರ ಬಂದರೆ ನನಗೆ ಇನ್ನೂ ಹೊಟ್ಟೆ ನೋಯ್ತದೆ ಎಂದು. ಕಡಿಮೆಯಾಗುತ್ತದೆ ಎಂದು ನಾನು ಹೇಳಬಹುದಿತ್ತು. ನನಗೆ ಗೊತ್ತಿರಲಿಲ್ಲ, ಹಾಗಾಗಿ ಹೇಳಲಿಲ್ಲ. ಅವಳ ಬೆನ್ನ ಮೇಲೆ ಕೈಯಿಟ್ಟು ಕುಳಿತೆ.

ನಾನು ಬದಲಾಗಿದ್ದೇನೆ ಎಂದು ಹೇಳಿಕೊಳ್ಳುವಷ್ಟು ಬದಲಾಗಿಲ್ಲ. ಕೆಲಸ ಅದೇ, ಬಸ್ಸು ಅದೇ. ತಿಂಗಳಿಗೊಮ್ಮೆಯಾದರೂ ಬಾಯಿ ತನ್ನಷ್ಟಕ್ಕೆ ಮುಚ್ಚಿಕೊಳ್ಳುತ್ತದೆ. ಒಂದೇ ವ್ಯತ್ಯಾಸವೆಂದರೆ ಮಗಳು ಈಗ ಕೇಳುತ್ತಾಳೆ. ಕಾರ್ಕಳದಲ್ಲಿ ಅಜ್ಜಿ ಹೇಳಿದ್ದನ್ನು ಅವಳು ಕೇಳಿಸಿಕೊಂಡಿದ್ದಳೋ, ತಾನೇ ಕಂಡುಕೊಂಡಳೋ, ಗೊತ್ತಿಲ್ಲ. ಎದುರು ಬಂದು ನಿಂತು, ಸಿಟ್ಟಾ ಸುಸ್ತಾ ಎಂದು ಕೇಳುತ್ತಾಳೆ. ಹೆಚ್ಚಿನ ದಿನ ಸುಸ್ತು ಎನ್ನುತ್ತೇನೆ. ಸರಿ ಎಂದು ಹೋಗುತ್ತಾಳೆ.

ಮೊನ್ನೆ ಗುರುವಾರ ಹಾಗೆ ಕೇಳಿದಾಗ, ಎರಡೂ ಎಂದೆ. ಬೆಳಿಗ್ಗೆ ಅವಳು ಹೊರಡುವುದು ತಡವಾಗಿ ನನ್ನ ಬಸ್ಸು ತಪ್ಪಿತ್ತು. ಅವಳು ಸ್ವಲ್ಪ ಯೋಚಿಸಿ, ಹಾಗಾದರೆ ನಾನು ಇನ್ನೊಂದು ವಿಷಯ ಊಟ ಆದ ಮೇಲೆ ಹೇಳ್ತೇನೆ ಎಂದಳು. ಊಟವಾದ ಮೇಲೆ ಹೇಳಿದಳು. ನೀರಿನ ಬಾಟಲಿ ಕಳೆದುಕೊಂಡಿದ್ದಳು, ಈ ವರ್ಷದ ಮೂರನೆಯದು. ನಾನು ಬೈದೆ. ನಮ್ಮ ಮನೆಯಲ್ಲಿ ಯಾರೂ ಕೇಳದಷ್ಟು ಗಟ್ಟಿಯಾಗಿ ಬೈದೆ. ಅವಳು ಅತ್ತಳು, ಅತ್ತೆ ನಡುವೆ ಬಂದು ಒಂದು ಬಾಟಲಿಗೆ ಇಷ್ಟು ಯಾಕೆ ಎಂದರು, ಅವರಿಗೂ ನಾನು ಎರಡು ಮಾತು ಹೇಳಿದೆ. ಆಮೇಲೆ ಮೂವರೂ ಸೇರಿ ಪಾತ್ರೆ ತೊಳೆದೆವು. ಅವಳು ಒರೆಸುತ್ತಾ ನಾಳೆ ತೆಗೆದುಕೊಂಡು ಹೋಗಬೇಕಾದದ್ದರ ಪಟ್ಟಿ ಹೇಳುತ್ತಿದ್ದಳು, ಮೂಗು ಇನ್ನೂ ಕಟ್ಟಿತ್ತು. ನಾನು ಹೂಂ ಹೂಂ ಎನ್ನುತ್ತಿದ್ದೆ.